ಗಿಟ್ ಹುಕ್‌ಗಳು: ಎಲ್ಲರದ್ದು ಯಾವುದು, ನಿಮ್ಮದು ಯಾವುದು

ಗಿಟ್ ಎಂಬ ಹೆಸರನ್ನು ಕೇಳಿದ್ದೀರಿ, ಆದರೆ ಅದರ ಒಳಗೆ ಇಣುಕಿ ನೋಡಿಲ್ಲ ಎಂದಾದರೆ ಈ ಲೇಖನ ನಿಮಗಾಗಿ. ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸಲು ಬಂದರೆ, ಫೈಲು ಮತ್ತು ಫೋಲ್ಡರ್ ಎಂದರೇನೆಂದು ತಿಳಿದಿದ್ದರೆ ಸಾಕು. ಉಳಿದದ್ದನ್ನು ಒಂದೊಂದಾಗಿ ನೋಡುತ್ತ ಹೋಗೋಣ.

ಕಲಿಯಲು ಕೈಯಲ್ಲೊಂದು ಕೆಲಸ ಇರಬೇಕು. ನೀವೂ ನಿಮ್ಮ ಮೂರು ನಾಲ್ಕು ಜನ ಗೆಳೆಯರೂ ಸೇರಿ ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಕರಾವಳಿಯ ಪದಪಟ್ಟಿಯೊಂದನ್ನು ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಬಂಗುಡೆ, ತಾರ್ಲೆ, ಬಳಚು ಮೊದಲಾದ ಮೀನು, ಚಿಪ್ಪುಗಳ ಹೆಸರುಗಳು ಒಂದು ಫೈಲಿನಲ್ಲಿವೆ. ಊರುಗಳ ಹೆಸರು ಇನ್ನೊಂದರಲ್ಲಿ. ಇಂಥ ಕೆಲಸಗಳು ಕನ್ನಡದಲ್ಲಿ ಕನಸಿನ ಮಾತಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ದತ್ತಾಂಶ 2019ರಿಂದ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಲಭ್ಯವಿದೆ. ಅದು ಇರುವುದು ಗಿಟ್ ಬಳಸುವ ಯೋಜನೆಗಳನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ, ಸರಳ ಪಠ್ಯದ ಫೈಲಾಗಿ.

ಹಲವರು ಒಂದೇ ಫೈಲನ್ನು ತಿದ್ದುವಾಗ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಾಖಲೆ ಬೇಕಾಗುತ್ತದೆ. ಈ ದಾಖಲೆ ಇಡುವ ತಂತ್ರಾಂಶಕ್ಕೆ ಆವೃತ್ತಿ ನಿಯಂತ್ರಣ ಎನ್ನುತ್ತಾರೆ. ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಬರೆದರು. ಗಿಟ್ ಕಾಯುವ ಫೋಲ್ಡರಿಗೆ ರೆಪೊಸಿಟರಿ, ಬಾಯಿಮಾತಿನಲ್ಲಿ ರೆಪೊ, ಎಂದು ಹೆಸರು. ನೀವು ಮಾಡಿದ ಬದಲಾವಣೆಯನ್ನು "ಇದನ್ನು ದಾಖಲಿಸು" ಎಂದು ಗಿಟ್‌ಗೆ ಒಪ್ಪಿಸುವುದು ಕಮಿಟ್. ಬೇರೆಯವರ ರೆಪೊವಿನ ಪೂರ್ಣ ಪ್ರತಿಯನ್ನು ನಿಮ್ಮ ಕಂಪ್ಯೂಟರಿಗೆ ತರುವುದು ಕ್ಲೋನ್. ನಿಮ್ಮ ಕಮಿಟ್‌ಗಳನ್ನು ಎಲ್ಲರೂ ನೋಡುವ ಸರ್ವರಿಗೆ ಕಳುಹಿಸುವುದು ಪುಶ್. ಸದ್ಯಕ್ಕೆ ಈ ನಾಲ್ಕು ಮಾತು ನೆನಪಿಟ್ಟುಕೊಂಡರೆ ಸಾಕು.

ಈಗ ಹುಕ್. ಗಿಟ್ ತನ್ನ ಕೆಲಸದ ಕೆಲವು ನಿಗದಿತ ಹಂತಗಳಲ್ಲಿ ಒಂದು ಕ್ಷಣ ನಿಂತು, "ಈ ಹಂತಕ್ಕೆಂದು ಯಾರಾದರೂ ಸ್ಕ್ರಿಪ್ಟ್ ಬರೆದಿಟ್ಟಿದ್ದಾರೆಯೇ?" ಎಂದು ನೋಡುತ್ತದೆ. ಇದ್ದರೆ ಅದನ್ನು ಓಡಿಸುತ್ತದೆ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದ ಸಾಮಾನ್ಯ ಪಠ್ಯದ ಫೈಲು. ಹೀಗೆ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟೇ ಹುಕ್. ಯಾವ ಹಂತದ್ದು ಎಂಬುದು ಅದರ ಹೆಸರಿನಲ್ಲೇ ಇರುತ್ತದೆ. 'ಪ್ರೀ-ಕಮಿಟ್' ಎಂಬ ಫೈಲು ಕಮಿಟ್ ಆಗುವ ಮೊದಲು ಓಡುತ್ತದೆ. 'ಕಮಿಟ್-ಎಂಎಸ್‌ಜಿ' ಎಂಬುದು ಪ್ರತಿ ಕಮಿಟ್ ಜೊತೆ ನೀವು ಬರೆಯುವ ವಿವರಣೆಯನ್ನು, ಅಂದರೆ ಕಮಿಟ್ ಟಿಪ್ಪಣಿಯನ್ನು ನೋಡುತ್ತದೆ. 'ಪ್ರೀ-ಪುಶ್' ಸರ್ವರಿಗೆ ಕಳುಹಿಸುವ ಮುನ್ನ. ಸ್ಕ್ರಿಪ್ಟ್ ಮುಗಿಯುವಾಗ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಬಂದರೆ "ಸರಿ, ಮುಂದುವರಿ" ಎಂದರ್ಥ. ಬೇರೆ ಯಾವ ಸಂಖ್ಯೆ ಬಂದರೂ ಗಿಟ್ ಅಲ್ಲಿಗೇ ನಿಲ್ಲುತ್ತದೆ, ಕಮಿಟ್ ಆಗುವುದಿಲ್ಲ. ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವವರು ಮಾಡುವ ಕೆಲಸವನ್ನೇ ಪ್ರೀ-ಕಮಿಟ್ ಮಾಡುತ್ತದೆ ಎಂದುಕೊಳ್ಳಿ.

ನಮ್ಮ ಪದಪಟ್ಟಿಗೆ ಇಂಥ ಕಾವಲು ಏಕೆ ಬೇಕು? ಶರಾವತಿ ಅಳಿವೆಯ ಮಾವಿನಕುರ್ವೆ ಹೊನ್ನಾವರ ತಾಲೂಕಿನದು. ಅದೇ ಹೆಸರಿನ ಊರು, ಬಂದರಿನೊಂದಿಗೆ, ಭಟ್ಕಳದಲ್ಲೂ ಇದೆ. ಪಟ್ಟಿಯಲ್ಲಿ ಯಾರೋ ಬರೇ 'ಮಾವಿನಕುರ್ವೆ' ಎಂದು ಬರೆದು ಬಿಟ್ಟರೆ ಆ ಸಾಲು ಯಾವ ಊರಿನದೆಂದು ಎರಡು ವರ್ಷದ ನಂತರ ಹೇಳುವವರಿಲ್ಲ. ಆದ್ದರಿಂದ ಊರಿನ ಹೆಸರಿರುವ ಪ್ರತಿ ಸಾಲಿನಲ್ಲೂ ತಾಲೂಕಿನ ಹೆಸರು ಇರಲೇಬೇಕು ಎಂಬುದು ನಮ್ಮ ಮೊದಲ ನಿಯಮ. ಸಾಲಿನಲ್ಲಿ ತಾಲೂಕು ಇಲ್ಲದಿದ್ದರೆ ಪ್ರೀ-ಕಮಿಟ್ ಆ ಸಾಲನ್ನು ತೋರಿಸಿ, "ಇದು ಯಾವ ತಾಲೂಕಿನದು?" ಎಂದು ಕೇಳಿ ನಿಲ್ಲಿಸಬೇಕು.

ಎರಡನೆಯ ನಿಯಮ ಇನ್ನೂ ಸೂಕ್ಷ್ಮವಾದದ್ದು. ನನ್ನ ಮಟ್ಟಿಗೆ ಕನ್ನಡದಲ್ಲಿ ಕೆಲಸ ಮಾಡುವವರು ಹುಕ್ ಕಲಿಯಲು ಇದೊಂದೇ ಕಾರಣ ಸಾಕು. 'ಹೊನ್ನಾವರ' ಎಂದು ಟೈಪಿಸಿ. ಮೊದಲ ಅಕ್ಷರ 'ಹೊ'. ಯೂನಿಕೋಡ್‌ನಲ್ಲಿ (ಅಂದರೆ ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಲ್ಲಿ) ಇದನ್ನು ಎರಡು ರೀತಿ ಬರೆಯಬಹುದು. ಹಕಾರದ ಮುಂದೆ ಒ-ಸ್ವರದ ಒಂದೇ ಚಿಹ್ನೆ 'ೊ' ಇಡುವುದು ಒಂದು ರೀತಿ. ಎ-ಸ್ವರದ ಚಿಹ್ನೆ 'ೆ', ಅದರ ಮುಂದೆ ಊ-ಸ್ವರದ ಚಿಹ್ನೆ 'ೂ' ಹೀಗೆ ಎರಡನ್ನು ಇಡುವುದು ಇನ್ನೊಂದು ರೀತಿ. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ, ತೆರೆಯ ಮೇಲೂ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಸಾಮಾನ್ಯ ಹುಡುಕಾಟದ ಸಾಧನಕ್ಕೆ ಅವು ಬೇರೆ ಬೇರೆ ಪದಗಳು. ಒಂದು ರೀತಿಯ ಹೊನ್ನಾವರವನ್ನು ಹುಡುಕಿದರೆ ಇನ್ನೊಂದು ರೀತಿಯದು ಸಿಗುವುದಿಲ್ಲ. ಗೇರುಸೊಪ್ಪೆಯಲ್ಲಿ 'ಗೇ' ಮತ್ತು 'ಸೊ' ಎರಡಕ್ಕೂ ಈ ತೊಂದರೆ ಇದೆ. 'ಗೋಕರ್ಣ'ದ 'ಗೋ' ಅಂತೂ ಎರಡಕ್ಕಿಂತ ಹೆಚ್ಚು ರೀತಿಯಲ್ಲಿ ಒಡೆಯಬಲ್ಲದು. ಕುಮಟಾ, ಭಟ್ಕಳ, ಮಾವಿನಕುರ್ವೆಗಳಿಗೆ ಈ ಕಷ್ಟವಿಲ್ಲ, ಅವುಗಳಲ್ಲಿ ಒಡೆಯುವ ಚಿಹ್ನೆಗಳೇ ಇಲ್ಲ.

ಇದಕ್ಕೆ ಪರಿಹಾರವಾಗಿ ಯೂನಿಕೋಡ್ 'ಎನ್‌ಎಫ್‌ಸಿ' ಎಂಬ ರೂಪವೊಂದನ್ನು ಗೊತ್ತುಪಡಿಸಿದೆ. ಕೂಡಿಸಿ ಬರೆಯಲು ಸಾಧ್ಯವಿರುವ ಚಿಹ್ನೆಗಳನ್ನೆಲ್ಲ ಕೂಡಿಸಿಯೇ ಬರೆಯುವ ರೂಪ ಅದು. ಪಠ್ಯವೊಂದು ಆ ರೂಪದಲ್ಲಿದೆಯೇ ಎಂದು ನೋಡುವ ಸೌಲಭ್ಯ ಪೈತಾನ್ ಭಾಷೆಯ 3.8ನೇ ಆವೃತ್ತಿಯಿಂದ ಅದರೊಳಗೇ ಇದೆ. ಹುಕ್ ಅನ್ನು ಇಂಥ ಭಾಷೆಯಲ್ಲೇ ಬರೆಯಬೇಕೆಂಬ ನಿರ್ಬಂಧವಿಲ್ಲ. ಯಾವ ಭಾಷೆಯ ಸ್ಕ್ರಿಪ್ಟ್ ಎಂದು ಮೊದಲ ಸಾಲಿನಲ್ಲಿ ತಿಳಿಸಿದ್ದರಾಯಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಹುಕ್ ನೋಡಬೇಕಾದ್ದು ನಿಮ್ಮ ಫೋಲ್ಡರಿನಲ್ಲಿ ಈಗ ಕಾಣುತ್ತಿರುವ ಫೈಲನ್ನಲ್ಲ, ಕಮಿಟ್‌ಗೆಂದು ನೀವು ಎತ್ತಿಟ್ಟ ಪ್ರತಿಯನ್ನು. ಗಿಟ್ ಈ ಪ್ರತಿಯನ್ನು ಇಂಡೆಕ್ಸ್ ಎಂಬಲ್ಲಿ ಇಡುತ್ತದೆ. ಎತ್ತಿಟ್ಟ ಮೇಲೆ ಫೈಲನ್ನು ಮತ್ತೆ ತಿದ್ದಿದ್ದರೆ ಎರಡೂ ಬೇರೆಯಾಗಿರುತ್ತವೆ. ಆಗ ತಪ್ಪು ಪ್ರತಿಯನ್ನು ನೋಡಿದ ಹುಕ್ ಸುಳ್ಳು ಭರವಸೆ ಕೊಡುತ್ತದೆ.

ನಿಮ್ಮ ಯಾವುದಾದರೂ ರೆಪೊವಿನೊಳಗೆ ಹೋಗಿ ನೋಡಿ. ಅಡಗಿಸಿಟ್ಟ ಫೋಲ್ಡರುಗಳನ್ನು ಕಾಣುವಂತೆ ಮಾಡಿದರೆ 'ಡಾಟ್ ಗಿಟ್' ಎಂಬ ಫೋಲ್ಡರ್ ಸಿಗುತ್ತದೆ, ಅಂದರೆ ಚುಕ್ಕೆಯಿಂದ ಶುರುವಾಗುವ 'ಗಿಟ್'. ಅದರೊಳಗೆ 'ಹುಕ್ಸ್'. ಅಲ್ಲಿ ಗಿಟ್ ತಾನೇ ಇಟ್ಟ ಕೆಲವು ಮಾದರಿಗಳಿರುತ್ತವೆ. ಹೆಸರಿನ ಕೊನೆಗೆ 'ಸ್ಯಾಂಪಲ್' ಎಂಬ ಬಾಲ ಇರುವುದರಿಂದ ಅವು ಓಡುವುದಿಲ್ಲ, ಬಾಲ ಕತ್ತರಿಸಿದರೆ ಜೀವ ಬರುತ್ತದೆ. ಪ್ರೀ-ಕಮಿಟ್‌ನ ಮಾದರಿಯನ್ನು ತೆರೆದು ಓದಿ. ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗಗಳನ್ನು ಅದು ಹಿಡಿಯುತ್ತದೆ, ಒಳ್ಳೆಯದೇ. ಆದರೆ ಹೊಸದಾಗಿ ಸೇರಿಸುವ ಫೈಲಿನ ಹೆಸರಿನಲ್ಲಿ ಇಂಗ್ಲಿಷ್ ಕೀಲಿಮಣೆಯ ಮೂಲ ಅಕ್ಷರಗಳನ್ನು ಬಿಟ್ಟು ಬೇರೆ ಏನಿದ್ದರೂ ಅದು ತಡೆಯುತ್ತದೆ. ನೀವು ಫೈಲಿಗೆ 'ಮಾವಿನಕುರ್ವೆ' ಎಂದು ಕನ್ನಡದಲ್ಲೇ ಹೆಸರಿಟ್ಟರೆ ಈ ಮಾದರಿ ಹುಕ್ ಕಮಿಟ್ ಮಾಡಲು ಬಿಡುವುದಿಲ್ಲ. ಬಿಡು ಎನ್ನಲು 'ಹುಕ್ಸ್.ಅಲೌನಾನ್‌ಆಸ್ಕಿ' ಎಂಬ ಸೆಟ್ಟಿಂಗನ್ನು 'ಟ್ರೂ' ಮಾಡಬೇಕು. ಹಾಗೆಯೇ ಗಿಟ್ ಕನ್ನಡ ಫೈಲಿನ ಹೆಸರನ್ನು 340, 262 ಎಂಬಂಥ ಸಂಖ್ಯೆಗಳ ಸಾಲಾಗಿ ತೋರಿಸಿದರೆ ಹೆದರಬೇಡಿ. 'ಕೋರ್.ಕೋಟ್‌ಪಾತ್' ಎಂಬುದನ್ನು 'ಫಾಲ್ಸ್' ಮಾಡಿ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದಿರುವ ಆಜ್ಞೆ ಮತ್ತು ಸೆಟ್ಟಿಂಗುಗಳ ಹೆಸರನ್ನು ನೀವು ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.)

ಇಲ್ಲಿಯವರೆಗೆ ಬಂದವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ನಾನು ನನ್ನ ಹುಕ್ಸ್ ಫೋಲ್ಡರಿನಲ್ಲಿ ಒಳ್ಳೆಯ ಪ್ರೀ-ಕಮಿಟ್ ಬರೆದಿಟ್ಟೆ, ಗೆಳೆಯರು ರೆಪೊವನ್ನು ಕ್ಲೋನ್ ಮಾಡಿಕೊಂಡರೆ ಅದು ಅವರಿಗೂ ಹೋಗುತ್ತದಲ್ಲವೇ? ಹೋಗುವುದಿಲ್ಲ. 'ಡಾಟ್ ಗಿಟ್' ಒಳಗಿನ ಹುಕ್‌ಗಳು ಆವೃತ್ತಿ ನಿಯಂತ್ರಣಕ್ಕೆ ಒಳಪಡುವುದಿಲ್ಲ. ಅವು ಕಮಿಟ್ ಆಗುವುದಿಲ್ಲ, ಪುಶ್ ಆಗುವುದಿಲ್ಲ, ಕ್ಲೋನ್‌ನಲ್ಲಿ ಬರುವುದಿಲ್ಲ. ಇದು ಗಿಟ್‌ನ ಕೊರತೆಯೆಂದು ಹಲವರು ಗೊಣಗುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಹುಕ್ ಎಂದರೆ ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಅಧಿಕಾರದಲ್ಲಿ ಓಡುವ ಸ್ಕ್ರಿಪ್ಟ್. ಅದು ಕ್ಲೋನ್ ಜೊತೆಗೇ ಬಂದು ತಾನಾಗಿ ಓಡುವಂತಿದ್ದರೆ, ಅಪರಿಚಿತರ ರೆಪೊವೊಂದನ್ನು ಕುತೂಹಲಕ್ಕೆ ಇಳಿಸಿಕೊಂಡು ಒಂದು ಕಮಿಟ್ ಮಾಡಿದ ಮಾತ್ರಕ್ಕೆ ಅವರ ಸ್ಕ್ರಿಪ್ಟ್ ನಿಮ್ಮ ಫೈಲುಗಳನ್ನೆಲ್ಲ ಅಳಿಸಬಹುದಿತ್ತು. ಯಾರ ಯಂತ್ರದಲ್ಲಿ ಓಡಬೇಕೋ ಅವರು ಒಪ್ಪಿಯೇ ಓಡಬೇಕು. ಹಂಚುವ ದಾರಿಗಳೆಲ್ಲ ಈ ಒಪ್ಪಿಗೆಯನ್ನು ಉಳಿಸಿಕೊಂಡೇ ಹೋಗಬೇಕೆಂಬುದು ಈ ಪಾಠದ ತಿರುಳು.

ದಾರಿ ಸರಳವಾಗಿದೆ. ರೆಪೊವಿನ ಮೇಲ್ಮಟ್ಟದಲ್ಲಿ, ಪದಪಟ್ಟಿಯ ಫೈಲುಗಳ ಪಕ್ಕದಲ್ಲೇ, ಒಂದು ಸಾಮಾನ್ಯ ಫೋಲ್ಡರ್ ಮಾಡಿ. 'ಡಾಟ್ ಗಿಟ್‌ಹುಕ್ಸ್' ಎಂದು ಹೆಸರಿಡುವುದು ರೂಢಿ. ಪ್ರೀ-ಕಮಿಟ್ ಫೈಲನ್ನು ಅದರೊಳಗೆ ಇಟ್ಟು ಕಮಿಟ್ ಮಾಡಿ. ಈಗ ಹುಕ್ ಕೂಡ ಬೇರೆ ಫೈಲುಗಳಂತೆ ಎಲ್ಲರಿಗೂ ಹೋಗುತ್ತದೆ. ಯಾರು ತಿದ್ದಿದರು, ಏಕೆ ತಿದ್ದಿದರು ಎಂಬ ಇತಿಹಾಸವೂ ಉಳಿಯುತ್ತದೆ. ಹೋಯಿತೆಂದ ಮಾತ್ರಕ್ಕೆ ಓಡುವುದಿಲ್ಲ. ಪ್ರತಿಯೊಬ್ಬರೂ ಕ್ಲೋನ್ ಮಾಡಿದ ಮೇಲೆ ಒಮ್ಮೆ 'ಗಿಟ್ ಕಾನ್ಫಿಗ್ ಕೋರ್.ಹುಕ್ಸ್‌ಪಾತ್ .ಗಿಟ್‌ಹುಕ್ಸ್' ಎಂಬ ಆಜ್ಞೆ ಕೊಡಬೇಕು. "ಹುಕ್‌ಗಳನ್ನು ಇನ್ನು ಮುಂದೆ ಈ ಫೋಲ್ಡರಿನಲ್ಲಿ ಹುಡುಕು" ಎಂದು ಅದರ ಅರ್ಥ. 2016ರ ಜೂನ್‌ನಲ್ಲಿ ಬಂದ ಗಿಟ್ 2.9ರಿಂದ ಈ ಸೌಲಭ್ಯ ಇದೆ. ಆ ಒಂದು ಸಾಲೇ ಒಪ್ಪಿಗೆಯ ಸಹಿ. ಅದನ್ನು ರೆಪೊವಿನ 'ರೀಡ್‌ಮಿ' ಫೈಲಿನ ಮೇಲ್ಭಾಗದಲ್ಲೇ, ಹೊಸಬರ ಕಣ್ಣಿಗೆ ಬೀಳುವಂತೆ ಬರೆದಿಡಿ.

ಹೊಸಬರು ಇಲ್ಲಿ ಎಡವುವುದು ಸಣ್ಣ ಸಂಗತಿಗಳಲ್ಲಿ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಫೈಲಿಗೆ 'ಓಡಬಹುದು' ಎಂಬ ಅನುಮತಿ ಬೇಕು, ಇಲ್ಲದಿದ್ದರೆ ಗಿಟ್ ಹುಕ್ಕನ್ನು ಕಡೆಗಣಿಸುತ್ತದೆ. ಈ ಅನುಮತಿಯನ್ನು ಗಿಟ್ ಕಮಿಟ್‌ನೊಂದಿಗೇ ದಾಖಲಿಸುವುದರಿಂದ ಒಬ್ಬರು ಸರಿಯಾಗಿ ಕೊಟ್ಟರೆ ಎಲ್ಲರಿಗೂ ಬರುತ್ತದೆ. ವಿಂಡೋಸ್‌ನಲ್ಲಿ ಗಿಟ್ ಜೊತೆಗೇ ಬ್ಯಾಶ್ ಎಂಬ ಶೆಲ್, ಅಂದರೆ ಆಜ್ಞೆಗಳನ್ನು ಓಡಿಸುವ ತಂತ್ರಾಂಶ ಬರುವುದರಿಂದ ಶೆಲ್ ಸ್ಕ್ರಿಪ್ಟ್‌ಗಳು ಅಲ್ಲಿಯೂ ಓಡುತ್ತವೆ. ಆದರೆ ವಿಂಡೋಸ್ ಶೈಲಿಯ ಸಾಲಿನಂತ್ಯ ಸೇರಿಕೊಂಡ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಮುರಿಯುತ್ತದೆ. 'ಡಾಟ್ ಗಿಟ್‌ಆಟ್ರಿಬ್ಯೂಟ್ಸ್' ಎಂಬ ಫೈಲಿನಲ್ಲಿ ಹುಕ್‌ಗಳಿಗೆ 'ಎಲ್‌ಎಫ್' ಸಾಲಿನಂತ್ಯವನ್ನೇ ಬಳಸು ಎಂದು ಬರೆದರೆ ಆ ತಕರಾರು ಮುಗಿಯಿತು. ಇನ್ನೂ ಒಂದು ಮಾತು. ಹುಕ್ ಫೋಲ್ಡರ್ ಸೇರುವ ಮೊದಲಿನ ಹಳೆಯ ಬ್ರಾಂಚಿಗೆ, ಅಂದರೆ ಕೆಲಸದ ಹಳೆಯ ಕವಲಿಗೆ ಹೋದರೆ ಅಲ್ಲಿ ಆ ಫೋಲ್ಡರೇ ಇರುವುದಿಲ್ಲ. ಆಗ ಗಿಟ್ ಯಾವ ದೂರೂ ಹೇಳದೆ ಹುಕ್ ಇಲ್ಲದೇ ಮುಂದುವರಿಯುತ್ತದೆ.

ಇದು ಎಲ್ಲರ ಹುಕ್‌ನ ಮಾತಾಯಿತು. ನಿಮ್ಮದೇ ಆದ ಹುಕ್‌ಗಳೂ ಇರುತ್ತವೆ. ಅರ್ಧ ಬರೆದು "ಇದನ್ನು ಅಜ್ಜಿಯ ಹತ್ತಿರ ಕೇಳಬೇಕು" ಎಂದು ನಿಮಗೆ ನೀವೇ ಗುರುತು ಹಾಕಿಟ್ಟ ಸಾಲು ಕಮಿಟ್ ಆಗದಂತೆ ತಡೆಯುವ ಹುಕ್ ಬೇಕೆನ್ನಿಸಬಹುದು. ಕಮಿಟ್ ಟಿಪ್ಪಣಿ ತೀರಾ ಚಿಕ್ಕದಾದರೆ ಎಚ್ಚರಿಸುವ ಹುಕ್ ಬೇಕೆನ್ನಿಸಬಹುದು. ಇವು ನಿಮ್ಮ ಅಭ್ಯಾಸಗಳು, ಗೆಳೆಯರ ಮೇಲೆ ಹೇರುವಂಥವಲ್ಲ. ಇವನ್ನು ಹಂಚಿದ ಫೋಲ್ಡರಿನಲ್ಲಿ ಇಡಬೇಡಿ. ಹಾಗೆಂದು 'ಡಾಟ್ ಗಿಟ್' ಒಳಗೆ ಮಾತ್ರ ಇಟ್ಟರೆ ಕಂಪ್ಯೂಟರ್ ಕೆಟ್ಟ ದಿನ ಅವೂ ಹೋಗುತ್ತವೆ. ನಿಮ್ಮ ವೈಯಕ್ತಿಕ ಹುಕ್‌ಗಳಿಗೆಂದೇ ಬೇರೆ ಖಾಸಗಿ ರೆಪೊವೊಂದನ್ನು ಮಾಡಿ, ಅಲ್ಲಿಂದ ಪ್ರತಿ ಕೆಲಸದ 'ಡಾಟ್ ಗಿಟ್' ಒಳಗಿನ ಹುಕ್ಸ್ ಫೋಲ್ಡರಿಗೆ ಸಿಂಬಾಲಿಕ್ ಲಿಂಕ್ ಹಾಕುವುದು ಒಳ್ಳೆಯ ಪದ್ಧತಿ. ಸಿಂಬಾಲಿಕ್ ಲಿಂಕ್ ಎಂದರೆ "ನಿಜವಾದ ಫೈಲು ಅಲ್ಲಿದೆ, ಅದನ್ನು ನೋಡು" ಎಂದು ಸೂಚಿಸುವ ಕೊಂಡಿ. ಹೀಗೆ ನಿಮ್ಮ ಹುಕ್‌ಗೂ ಇತಿಹಾಸ ಸಿಗುತ್ತದೆ, ಯಾರ ದಾರಿಗೂ ಅದು ಅಡ್ಡ ಬರುವುದಿಲ್ಲ.

ಆದರೆ ಒಂದು ತೊಡಕಿದೆ, ನಿಧಾನವಾಗಿ ಓದಿ. 'ಕೋರ್.ಹುಕ್ಸ್‌ಪಾತ್' ಕೊಟ್ಟ ಕ್ಷಣದಿಂದ ಗಿಟ್ 'ಡಾಟ್ ಗಿಟ್' ಒಳಗಿನ ಹುಕ್ಸ್ ಫೋಲ್ಡರನ್ನು ನೋಡುವುದನ್ನೇ ಬಿಡುತ್ತದೆ. ಎಲ್ಲರ ಹುಕ್ ಓಡುತ್ತದೆ, ನಿಮ್ಮದು ಸದ್ದಿಲ್ಲದೆ ನಿಲ್ಲುತ್ತದೆ. ಕೆಲವರು ಇದೇ ಸೆಟ್ಟಿಂಗನ್ನು 'ಗ್ಲೋಬಲ್' ಎಂದು, ಅಂದರೆ ತಮ್ಮ ಎಲ್ಲ ರೆಪೊಗಳಿಗೂ ಅನ್ವಯಿಸುವಂತೆ ತಮ್ಮ ವೈಯಕ್ತಿಕ ಫೋಲ್ಡರಿಗೆ ತಿರುಗಿಸುತ್ತಾರೆ. ಆಗ ಬೇರೆ ರೆಪೊಗಳಲ್ಲಿ 'ಡಾಟ್ ಗಿಟ್' ಒಳಗೆ ನೆಟ್ಟಗೆ ಓಡುತ್ತಿದ್ದ ಹುಕ್‌ಗಳು ನಿಲ್ಲುತ್ತವೆ. ರೆಪೊವಿನ ಸ್ವಂತ ಸೆಟ್ಟಿಂಗ್ ಇದ್ದಲ್ಲಿ ಅದೇ ಗೆಲ್ಲುವುದರಿಂದ ಅಲ್ಲಿ ಮತ್ತೆ ವೈಯಕ್ತಿಕ ಹುಕ್ ಓಡುವುದಿಲ್ಲ. ಗ್ಲೋಬಲ್ ದಾರಿಯನ್ನು ನಾನು ಹೊಸಬರಿಗೆ ಹೇಳುವುದಿಲ್ಲ.

ಎಲ್ಲರ ಪ್ರೀ-ಕಮಿಟ್‌ನ ಕೊನೆಯಲ್ಲಿ ಕೆಲವು ಸಾಲು ಸೇರಿಸುವುದು ಇದಕ್ಕಿಂತ ಹಿತವಾದ ಪರಿಹಾರ. ಮೊದಲು ಸಾಮಾನ್ಯ ನಿಯಮಗಳ ಪರೀಕ್ಷೆ ನಡೆಯಲಿ. ಅದರಲ್ಲಿ ತಪ್ಪು ಸಿಕ್ಕರೆ ಅಲ್ಲಿಗೇ ನಿಲ್ಲಲಿ. ಎಲ್ಲ ಸರಿಯಿದ್ದರೆ, "ಈ ವ್ಯಕ್ತಿಯ 'ಡಾಟ್ ಗಿಟ್' ಒಳಗಿನ ಹುಕ್ಸ್ ಫೋಲ್ಡರಿನಲ್ಲಿ ಪ್ರೀ-ಕಮಿಟ್ ಇದೆಯೇ? ಇದ್ದರೆ ಅದನ್ನೂ ಓಡಿಸಿ, ಅದು ಕೊಟ್ಟ ಸಂಖ್ಯೆಯನ್ನೇ ಹಿಂದಿರುಗಿಸು" ಎಂದು ಬರೆಯಿರಿ. ಈ ಕ್ರಮದಲ್ಲಿ ವೈಯಕ್ತಿಕ ಹುಕ್ ಎಲ್ಲರ ನಿಯಮವನ್ನು ಬಿಗಿಗೊಳಿಸಬಹುದು, ಸಡಿಲಿಸಲಾಗದು. ಫೋಲ್ಡರ್ ಎಲ್ಲಿದೆ ಎಂದು ಗಿಟ್‌ನಿಂದ ತಿಳಿಯಲು 'ಗಿಟ್ ರೆವ್-ಪಾರ್ಸ್' ಆಜ್ಞೆಗೆ 'ಗಿಟ್-ಕಾಮನ್-ಡಿರ್' ಆಯ್ಕೆ ಕೊಡಿ, ಬಂದ ಉತ್ತರಕ್ಕೆ 'ಹುಕ್ಸ್' ಸೇರಿಸಿಕೊಳ್ಳಿ. ಅದರ ಬದಲು 'ಗಿಟ್-ಪಾತ್ ಹುಕ್ಸ್' ಎಂದು ಕೇಳಿದರೆ ಗಿಟ್ ನೀವು ತಿರುಗಿಸಿದ ಹೊಸ ಫೋಲ್ಡರನ್ನೇ ತೋರಿಸುತ್ತದೆ. ಆಗ ಎಲ್ಲರ ಹುಕ್ ತನ್ನನ್ನು ತಾನೇ ಕರೆಯುತ್ತ ಮುಗಿಯದೇ ಸುತ್ತುತ್ತದೆ. ಕಮಿಟ್-ಎಂಎಸ್‌ಜಿ ಹುಕ್‌ಗೆ ಗಿಟ್ ಟಿಪ್ಪಣಿಯ ಫೈಲಿನ ಹೆಸರನ್ನೂ ಕೊಡುತ್ತದೆ. ಅಂಥಲ್ಲಿ ಆ ಹೆಸರನ್ನು ವೈಯಕ್ತಿಕ ಹುಕ್‌ಗೂ ದಾಟಿಸಲು ಮರೆಯಬೇಡಿ.

ಯಾವ ನಿಯಮವನ್ನು ಎಲ್ಲರದ್ದಾಗಿಸಬೇಕು ಎಂಬಲ್ಲಿ ವಿವೇಚನೆ ಬೇಕು. ಎನ್‌ಎಫ್‌ಸಿ ಪರೀಕ್ಷೆ ಎಲ್ಲರದ್ದಾಗಬೇಕು, ಏಕೆಂದರೆ ಒಬ್ಬರ ಒಡೆದ 'ಹೊ' ಎಲ್ಲರ ಹುಡುಕಾಟವನ್ನೂ ಕೆಡಿಸುತ್ತದೆ. "ಕಣ್ಣಿಗೆ ಕಾಣದ ಯಾವ ಅಕ್ಷರವೂ ಇರಬಾರದು" ಎಂಬ ನಿಯಮ ಕೇಳಲು ಅಷ್ಟೇ ಚೆನ್ನಾಗಿದೆ, ಇಂಗ್ಲಿಷ್ ಪಠ್ಯಕ್ಕೆ ಹೊಂದಲೂಬಹುದು. ಕನ್ನಡಕ್ಕೆ ಅದು ತಪ್ಪು. 'ಸಾಫ್ಟ್‌ವೇರ್' ಎಂಬುದರಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಕೂರದಂತೆ ತಡೆಯುವುದು ಕಾಣದ ಒಂದು ಅಕ್ಷರವೇ. 'ರ‍್ಯಾಂಕ್' ಎಂಬುದರಲ್ಲಿ ರಕಾರ ಅರ್ಕಾವೊತ್ತಾಗದೆ ನಿಲ್ಲುವುದೂ ಅಂಥದೇ ಇನ್ನೊಂದರಿಂದ. ಅವನ್ನು ತಡೆಯುವ ಹುಕ್ ಸರಿಯಾದ ಕನ್ನಡವನ್ನೇ ತಡೆಯುತ್ತದೆ. ನಿಯಮ ಸೇರಿಸುವ ಮೊದಲು ನಿಮ್ಮ ಪಟ್ಟಿಯ ನಿಜವಾದ ಸಾಲುಗಳ ಮೇಲೆ ಓಡಿಸಿ ನೋಡಿ.

ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಯಾವ ಹುಕ್ಕೂ ಬೀಗವಲ್ಲ ಎಂಬುದೂ ತಿಳಿದಿರಲಿ. 'ನೋ-ವೆರಿಫೈ' ಎಂಬ ಆಯ್ಕೆ ಕೊಟ್ಟರೆ ಗಿಟ್ ಪ್ರೀ-ಕಮಿಟ್ ಮತ್ತು ಕಮಿಟ್-ಎಂಎಸ್‌ಜಿ ಎರಡನ್ನೂ ದಾಟಿ ಹೋಗುತ್ತದೆ. ತಪ್ಪಲೇಬಾರದ ನಿಯಮವನ್ನು ಸರ್ವರಿನಲ್ಲೂ ಪರೀಕ್ಷಿಸಬೇಕು. ನಿಮ್ಮದೇ ಸರ್ವರ್ ಇದ್ದರೆ 'ಪ್ರೀ-ರಿಸೀವ್' ಹುಕ್ ಇದೆ. ಗಿಟ್‌ಹಬ್‌ನ ಸಾರ್ವಜನಿಕ ತಾಣದಲ್ಲಿ ಅಂಥದ್ದನ್ನು ಇಡಲಾಗದು, ಅಲ್ಲಿ 'ಗಿಟ್‌ಹಬ್ ಆಕ್ಷನ್ಸ್' ಮೂಲಕ ಅದೇ ಸ್ಕ್ರಿಪ್ಟನ್ನು ಓಡಿಸಬಹುದು. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಬಳಕೆದಾರರ ಕಂಪ್ಯೂಟರ್ ಮತ್ತು ಸರ್ವರ್ ಎರಡೂ ಕಡೆಯ ಹೊಂದಾಣಿಕೆಗೆ ಒಳ್ಳೆಯ ಉದಾಹರಣೆ. 2012ರಲ್ಲಿ ಗಿಟ್‌ಗೆ ಬಂದ ಆ ಯೋಜನೆ ಬದಲಾವಣೆಗಳನ್ನು ಗೆರಿಟ್ ಎಂಬ ವ್ಯವಸ್ಥೆಯಲ್ಲಿ ಪರಿಶೀಲಿಸುತ್ತದೆ. ಗೆರಿಟ್‌ಗೆ ಪ್ರತಿ ಕಮಿಟ್ ಟಿಪ್ಪಣಿಯ ಕೊನೆಯಲ್ಲಿ 'ಚೇಂಜ್-ಐಡಿ' ಎಂಬ ಗುರುತಿನ ಸಾಲು ಬೇಕು. ಅದನ್ನು ಸೇರಿಸುವುದು ಒಂದು ಕಮಿಟ್-ಎಂಎಸ್‌ಜಿ ಹುಕ್. ಕೊಡುಗೆ ನೀಡುವವರು ಒಮ್ಮೆ ಅದನ್ನು ತಮ್ಮ ಕಂಪ್ಯೂಟರಿಗೆ ತಂದುಕೊಳ್ಳುತ್ತಾರೆ, ಇಲ್ಲವೇ 'ಗಿಟ್-ರಿವ್ಯೂ' ಸಾಧನ ತಂದುಕೊಡುತ್ತದೆ. ಆ ಸಾಲಿಲ್ಲದ ಕಮಿಟ್ ಕಳುಹಿಸಿದರೆ ಸರ್ವರ್ ಹಿಂದಕ್ಕೆ ಕಳಿಸಿ, ಹುಕ್ ತಂದುಕೊಳ್ಳುವ ಬಗೆಯನ್ನೂ ತಿಳಿಸುತ್ತದೆ.

ಹುಕ್‌ಗಳನ್ನು ನಿರ್ವಹಿಸಲು ಸಿದ್ಧ ಸಾಧನಗಳೂ ಇವೆ. ಪೈತಾನ್ ಬಳಗದ 'ಪ್ರೀ-ಕಮಿಟ್' (ಹುಕ್‌ನ ಹೆಸರನ್ನೇ ಇಟ್ಟುಕೊಂಡ ಸಾಧನ ಇದು), ಜಾವಾಸ್ಕ್ರಿಪ್ಟ್ ಬಳಗದ 'ಹಸ್ಕಿ' ಹೆಚ್ಚು ಬಳಕೆಯಲ್ಲಿವೆ. ಹಸ್ಕಿಯ ಈಗಿನ ಆವೃತ್ತಿಗಳು 'ಕೋರ್.ಹುಕ್ಸ್‌ಪಾತ್' ಅನ್ನೇ ಬಳಸುತ್ತವೆ. 'ಪ್ರೀ-ಕಮಿಟ್' ಸಾಧನವೋ ಆ ಸೆಟ್ಟಿಂಗ್ ಇದ್ದಲ್ಲಿ ತನ್ನನ್ನು ಅಳವಡಿಸಲು ಒಪ್ಪುವುದೇ ಇಲ್ಲ. ಬುನಾದಿ ತಿಳಿದವರಿಗೆ ಆ ನಿರಾಕರಣೆಯ ಕಾರಣ ಓದಿದ ಕೂಡಲೇ ಅರ್ಥವಾಗುತ್ತದೆ. ಆದ್ದರಿಂದ ಮೊದಲ ಹುಕ್ಕನ್ನು ಕೈಯಾರೆ ಬರೆಯಿರಿ, ಸಾಧನ ಆಮೇಲೆ ಬರಲಿ.

ಹಂಚಿದ ಹುಕ್ಕನ್ನು ಒಪ್ಪಿಕೊಂಡ ಮೇಲೆ, ಗೆಳೆಯರು ಅದನ್ನು ತಿದ್ದಿ ಪುಶ್ ಮಾಡಿದಾಗೆಲ್ಲ ನೀವು ಹೊಸದನ್ನು ಇಳಿಸಿಕೊಂಡ ಕ್ಷಣದಿಂದ ಅದು ನಿಮ್ಮ ಯಂತ್ರದಲ್ಲಿ ಓಡುತ್ತದೆ. 'ಡಾಟ್ ಗಿಟ್‌ಹುಕ್ಸ್' ಫೋಲ್ಡರಿನಲ್ಲಿ ಬದಲಾವಣೆ ಕಂಡಾಗ ಮೊದಲು ಅದನ್ನು ಓದಿ, ಆಮೇಲೆ ಕಮಿಟ್ ಮಾಡಿ.